ಷಡ್ಜಕ್ಕಾಗಿ ಕಾಯುವುದು

ಉಸ್ತಾದ್ ಅಮೀರ್ ಖಾನರ ಮಾರ್ವಾ, ಹಿಂದುಸ್ತಾನಿ ಕೇಳುವ ಬಹಳಷ್ಟು ಜನರ ಫೋನಿನಲ್ಲೋ ಪೆನ್‌ಡ್ರೈವಿನಲ್ಲೋ ಇದ್ದೇ ಇರುತ್ತೆ. ಅದನ್ನು ಹಾಕಿದವರು ಬಹಳ. ಕೇಳಿದವರು ಎಷ್ಟು ಅನ್ನೋದರಲ್ಲಿ ನನಗೆ ಅನುಮಾನ. ತರಕಾರಿ ಹೆಚ್ಚುತ್ತಾ, ಮೇಲ್ ನೋಡುತ್ತಾ, ಗಾಡಿ ಓಡಿಸುತ್ತಾ ಕೇಳಿದರೆ ಕೆಲವು ಸಂಗೀತಕ್ಕೆ ನಷ್ಟವೇನಿಲ್ಲ. ಮಾರ್ವಾಕ್ಕೆ ಇದೆ. ಯಾಕೆ ಅಂತ ಹೇಳ್ತೀನಿ.

ಈ ರಾಗದಲ್ಲಿ ಪಂಚಮ ಇಲ್ಲ. ರಿಷಭ ಕೋಮಲ, ಮಧ್ಯಮ ತೀವ್ರ, ಉಳಿದವು ಶುದ್ಧ. ಪೂರಿಯಾ, ಸೋಹನಿಗಳದ್ದೂ ಇವೇ ಸ್ವರಗಳು. ಕರ್ನಾಟಕ ಸಂಗೀತ ಕೇಳುವವರಿಗೆ ಗೊತ್ತಿರುವ ಹಂಸಾನಂದಿಯದ್ದೂ ಇವೇ. ಹಾಗಾದರೆ ಮಾರ್ವಾ ಮಾರ್ವಾ ಆಗೋದು ಎಲ್ಲಿ? ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಅನ್ನೋದರಲ್ಲಿ. ಪೂರಿಯಾ ಗಾಂಧಾರ, ನಿಷಾದಗಳ ಮೇಲೆ ಕೂರುತ್ತೆ. ಮಾರ್ವಾ ಕೂರೋದು ರಿಷಭ, ಧೈವತಗಳ ಮೇಲೆ. ಷಡ್ಜಕ್ಕೆ ಮಾತ್ರ ಬರಲೊಲ್ಲದು. ಉಳಿದ ರಾಗಗಳಿಗೆ ತವರಿನಂತಿರುವ ಷಡ್ಜದ ಬಾಗಿಲ ತನಕ ಹೋಗಿ, ಒಳಗೆ ಹೋಗದೆ ವಾಪಸ್ ಬರುವ ರಾಗ ಇದು.

ಅಮೀರ್ ಖಾನ್ (1912–1974) ಇದನ್ನು ಹಾಡಿರೋದು ಎಲ್ಪಿಯ ಒಂದು ಬದಿಗೆ, ಸುಮಾರು 20 ನಿಮಿಷ. 14 ಮಾತ್ರೆಗಳ ಝೂಮ್ರಾ, ಅತಿವಿಲಂಬಿತ. ತಬಲಾ ಬರೀ ಠೇಕಾ ಹಿಡಿದುಕೊಂಡು ಹೋಗುತ್ತೆ, ಚಮತ್ಕಾರದ ಗೊಡವೆಯೇ ಇಲ್ಲ. ಧ್ವನಿ ಬಹಳ ಹೊತ್ತು ಕೆಳಗೇ ಓಡಾಡುತ್ತಾ, ನಿಷಾದದಿಂದ ಷಡ್ಜವನ್ನು ದಾಟಿಕೊಂಡು ರಿಷಭಕ್ಕೆ ಹೋಗಿ, ಅಲ್ಲಿ ನಿಂತು, ಮತ್ತೆ ಧೈವತಕ್ಕೆ ಇಳಿಯುತ್ತೆ. ಸುಮ್ಮನೆ ಅದರ ಬೆನ್ನು ಹತ್ತಿ ಹೋದವರಿಗೆ ಒಂಥರಾ ತಳಮಳ ಶುರುವಾಗುತ್ತೆ. ಆಮೇಲೆ ಯಾವಾಗಲೋ ಅವರು ಷಡ್ಜಕ್ಕೆ ಬಂದು ನಿಲ್ತಾರೆ ನೋಡಿ, ನಾವು ಉಸಿರು ಬಿಗಿಹಿಡಿದು ಕೂತಿದ್ದೆವು ಅನ್ನೋದು ಆಗ ಗೊತ್ತಾಗುತ್ತೆ. ಅದೇ ಕ್ಷಣಕ್ಕೆ ಫೋನಿನಿಂದ ತಲೆಯೆತ್ತಿದವರಿಗೆ ಕೇಳಿಸೋದು ಬರೀ ಒಂದು ಸ್ವರ. ಹಾರ್ಮೋನಿಯಂ ಮನೆ ಒತ್ತಿದರೂ ಬರುವಂಥದ್ದು. ಧ್ವನಿ ಚೆನ್ನಾಗಿದೆ ಅಂತ ಅವರು ಹೇಳಬಹುದು, ಅಷ್ಟೆ.

ಇಂಥದ್ದನ್ನು 'ಮನಸ್ಸಿಗೆ ವಿಶ್ರಾಂತಿ ಕೊಡುವ ಸಂಗೀತ'ದ ಪಟ್ಟಿಗೆ ಸೇರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ನಿಧಾನ ಇದ್ದಿದ್ದೆಲ್ಲ ವಿಶ್ರಾಂತಿಯಾ? ಮಾರ್ವಾ ಸಮಾಧಾನ ಮಾಡೋಕೆ ಬಂದ ರಾಗ ಅಲ್ಲ, ಇದ್ದ ಸಮಾಧಾನವನ್ನೂ ಕಲಕುವ ರಾಗ.

ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ ವಿಷಯದಲ್ಲಿ ಈ ತೊಂದರೆ ಕಡಿಮೆ. ಅವರು ಆಲಾಪಕ್ಕೆಂದು ಕಾಯಿಸದೆ ನೇರ ಬಂದಿಶಿಗೇ ಇಳಿದು, ಒಂದು ಮಾತು ಮುಗಿಯುವ ಮೊದಲೇ ಇನ್ನೊಂದನ್ನು ಹೆಣೆದು, ಕೇಳುವವರ ರಟ್ಟೆ ಹಿಡಿದು ಎಳೆದುಕೊಂಡು ಹೋಗ್ತಾರೆ. ಅಮೀರ್ ಖಾನ್ ಯಾರನ್ನೂ ಎಳೆಯಲ್ಲ. ಬಂದರೆ ಬನ್ನಿ, ಇಲ್ಲದಿದ್ದರೆ ಬಿಡಿ ಅನ್ನೋ ಹಾಗೆ ತಮ್ಮ ಪಾಡಿಗೆ ಹಾಡ್ತಾರೆ. ಹಾಗಾಗಿ ಬಿಡುವು ಮಾಡಿಕೊಳ್ಳುವ ಹೊರೆ ಪೂರ್ತಿ ನಮ್ಮದೇ.

ಮಾರ್ವಾದ ಹೊತ್ತು ಹೊತ್ತುಮುಳುಗುವ ಸಮಯ. ಬೆಂಗಳೂರಿನ ಅರ್ಧ ಜನ ಸಿಲ್ಕ್ ಬೋರ್ಡಿನಲ್ಲಿ ನಿಂತಿರುವ ಸಮಯವೂ ಅದೇ! ನಾನು ಭಾನುವಾರ ನೋಡಿಕೊಳ್ತೀನಿ. ಫೋನ್ ಬೇರೆ ಕೋಣೆಯಲ್ಲಿ, ಲೈಟ್ ಹಾಕಲ್ಲ. ದೀಪ ಹಚ್ಚೋ ಹೊತ್ತಲ್ಲಿ ಕತ್ತಲಲ್ಲಿ ಕೂತಿದ್ದಾನೆ ಅಂತ ಮನೆಯವರು ಬೈತಾರೆ. ಇಣುಕಿ ನೋಡಿ ಹುಷಾರಿಲ್ವಾ ಅಂತಲೂ ಕೇಳ್ತಾರೆ. ಪುಸ್ತಕ ಹಿಡಿದು ಕೂತರೆ ಯಾರೂ ಹಾಗೆ ಕೇಳಲ್ಲ. ಬರೀ ಕಿವಿಯಿಂದ ಮಾಡುವ ಕೆಲಸ ಕೆಲಸದ ಹಾಗೆ ಕಾಣಲ್ಲ, ಏನು ಮಾಡೋದು.

ಒಂದು ತಕರಾರು ಇದೆ. ಕೊನೆಯಲ್ಲಿ ಬರುವ ದ್ರುತ್ ನನಗೆ ಅವಸರದ್ದು ಅನ್ನಿಸುತ್ತೆ. ಅಷ್ಟು ಹೊತ್ತು ಕಾಯಿಸಿದವರು ಇದ್ದಕ್ಕಿದ್ದಂತೆ ಎದ್ದು ಹೊರಟ ಹಾಗೆ. ಎಲ್ಪಿಯಲ್ಲಿ ಜಾಗ ಮುಗೀತಾ ಬಂದಿತ್ತೇನೋ. ಇನ್ನೊಂದು ಬದಿಯಲ್ಲಿ ದರ್ಬಾರಿ ಇದೆ. ಹಿಂದೆ ಎದ್ದು ಹೋಗಿ ತಟ್ಟೆ ತಿರುಗಿಸಬೇಕಿತ್ತು, ಈಗ ತಾನಾಗೇ ಶುರುವಾಗಿಬಿಡುತ್ತೆ. ನಿಲ್ಲಿಸಿಬಿಡಿ. ಅದು ನಡುರಾತ್ರಿಯ ರಾಗ, ಇನ್ನೂ ಊಟ ಆಗಿಲ್ಲ.