ಇಲ್ಲದ ದೇಶದ ಸಿಪಾಯಿಗಳನ್ನು ನೋಡುವ ಬಗೆ

ಹೊಸಬರು ಮೊದಲು ಮಾಡುವ ಕೆಲಸ ಒಂದೇ: ಸಾಲಿನಿಂದ ಒಬ್ಬ ಬೊಂಬೆ ಸಿಪಾಯಿಯನ್ನು ಎತ್ತಿ, ಕಣ್ಣಿಗೆ ಹತ್ತಿರ ಹಿಡಿದು, ಹುಬ್ಬು ಬರೆದಿದ್ದಾರೋ ಇಲ್ಲವೋ ಎಂದು ಹುಡುಕುವುದು. ಅದು ಬೇಡ. ಬೆರಳಿನ ಜಿಡ್ಡಿಗೆ ಬಣ್ಣ ಸವೆಯುತ್ತದೆ. ಎತ್ತಲೇಬೇಕಿದ್ದರೆ ಕಾಲಡಿಯ ಪೀಠ ಹಿಡಿದು ಎತ್ತಿ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಇಲ್ಲಿ ನೋಡಬೇಕಾದದ್ದು ಒಬ್ಬನನ್ನಲ್ಲ. ಮೇಜಿನ ಮೇಲೆ ನಿಂತಿರುವುದು ಒಂದು ದೇಶ, ಅದೂ ಯಾವ ಭೂಪಟದಲ್ಲೂ ಇಲ್ಲದ ದೇಶ. ದಸರೆಗೆ ಬೊಂಬೆ ಕೂರಿಸಿ ಜಂಬೂಸವಾರಿ ಜೋಡಿಸುವ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲೂ ನಾವು ನೋಡುವುದು ಮೆರವಣಿಗೆಯನ್ನು, ಮೂಗನ್ನಲ್ಲ.

ಕಲ್ಪನೆಯ ದೇಶಕ್ಕೆ ಬೊಂಬೆ ಸೈನ್ಯ ಕಟ್ಟುವ ಈ ಗೀಳು ಬಲಿತದ್ದು ಇಂಗ್ಲೆಂಡಿನಲ್ಲಿ. 1826ರಲ್ಲಿ ಪ್ಯಾಟ್ರಿಕ್ ಬ್ರಾಂಟೆ ಎಂಬ ಪಾದ್ರಿ ಲೀಡ್ಸ್ ಪಟ್ಟಣದಿಂದ ಮಗ ಬ್ರಾನ್‌ವೆಲ್‌ಗೆ ಮರದ ಸಿಪಾಯಿಗಳನ್ನು ತಂದುಕೊಟ್ಟರು. ಅಕ್ಕ ಷಾರ್ಲೆಟ್ ಅದರಲ್ಲೊಬ್ಬನನ್ನು ಎತ್ತಿಕೊಂಡು ಸೇನಾಪತಿ ವೆಲ್ಲಿಂಗ್ಟನ್ನನ ಹೆಸರಿಟ್ಟಳು. ಮುಂದೆ ಆ ಮಕ್ಕಳು ಈ ಸಿಪಾಯಿಗಳಿಗಾಗಿ ಗ್ಲಾಸ್ ಟೌನ್, ಆಂಗ್ರಿಯಾ ಎಂಬ ನಾಡುಗಳನ್ನೇ ಕಟ್ಟಿದರು. 1893ರಲ್ಲಿ ಲಂಡನ್ನಿನ ಬ್ರಿಟನ್ಸ್ ಕಂಪನಿ ಒಳಗೆ ಟೊಳ್ಳಾದ ಸೀಸದ ಸಿಪಾಯಿಯನ್ನು ಎರಕ ಹೊಯ್ದಿತು. ಸೀಸ ಕಡಿಮೆ ಬೇಕಾದ್ದರಿಂದ ಬೆಲೆಯೂ ಇಳಿಯಿತು. ಅಂಥ ಬೊಂಬೆಗಳನ್ನು ನೆಲದ ಮೇಲೆ ಹರಡಿಕೊಂಡು ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಯುದ್ಧದಾಟದ ಪುಸ್ತಕ ಬರೆದರು. 1971ರಲ್ಲಿ ಚಾರ್ಲ್ಸ್ ಗ್ರಾಂಟ್ ‘ದಿ ವಾರ್ ಗೇಮ್’ ಪುಸ್ತಕದಲ್ಲಿ ತಮ್ಮದೇ ಲೊರೇನ್ ಸಂಸ್ಥಾನವನ್ನು ಕಾದಾಟಕ್ಕೆ ಇಳಿಸಿದರು. ಅಸಲಿ ಲೊರೇನ್ 1766ರಲ್ಲೇ ಫ್ರಾನ್ಸಿನ ಪಾಲಾಗಿತ್ತು. ಗ್ರಾಂಟರ ಮೇಜಿನ ಮೇಲೆ ಅದಕ್ಕೆ ಸಾವಿರಲಿಲ್ಲ.

ಕಲ್ಪನೆಯ ದೇಶ ಎಂದಮೇಲೆ ಯಾವ ಬಣ್ಣ ಬಳಿದರೂ ನಡೆಯುತ್ತದಲ್ಲ ಎಂದು ಕೇಳುವವರಿದ್ದಾರೆ. ನಡೆಯುವುದಿಲ್ಲ, ಈ ಕಲೆಯ ರುಚಿಯೇ ಅಲ್ಲಿದೆ. ಇತಿಹಾಸದ ಸೈನ್ಯಕ್ಕೆ ಬಣ್ಣ ಹಚ್ಚುವವರು ತಪ್ಪಿದರೆ ಪುಸ್ತಕ ತೆರೆದು ತೋರಿಸಬಹುದು. ಇಲ್ಲಿ ತೋರಿಸಲು ಪುಸ್ತಕವಿಲ್ಲ, ಆದ್ದರಿಂದ ಪ್ರತಿ ಬಣ್ಣಕ್ಕೂ ಕಾರಣವನ್ನು ಬಣ್ಣ ಹಚ್ಚುವವರೇ ಹುಟ್ಟಿಸಬೇಕು. ಇಂಥ ದೇಶಗಳಲ್ಲಿ ಬಹುಪಾಲು ಹದಿನೆಂಟನೆಯ ಶತಮಾನದ ಜರ್ಮನ್ ಸೀಮೆಯಲ್ಲೇ ಹುಟ್ಟುವುದಕ್ಕೂ ಕಾರಣವಿದೆ. ಆಗ ಅಲ್ಲಿ ನೂರಾರು ಪುಟ್ಟ ಸಂಸ್ಥಾನಗಳಿದ್ದವು, ಇನ್ನೊಂದನ್ನು ತುರುಕಿದರೆ ಯಾರಿಗೂ ಗೊತ್ತಾಗದು.

ಕೋಟನ್ನು ಓದುವುದು ಕಲಿಯಿರಿ. ಆಸ್ಟ್ರಿಯಾದ ಸಿಪಾಯಿ ಬಿಳಿ ಕೋಟು ತೊಟ್ಟಿದ್ದಕ್ಕೆ ಒಂದು ಕಾರಣ ಖರ್ಚು: ಬಣ್ಣ ಅದ್ದದ ಉಣ್ಣೆ ಅಗ್ಗ. ಆಗಿನ ಬ್ರಿಟಿಷ್ ಸೈನ್ಯದಲ್ಲಿ ಸಾಮಾನ್ಯ ಸಿಪಾಯಿಯ ಕೆಂಪು ಬೇರಿನಿಂದ ತೆಗೆದ ಮಂಕು ಕೆಂಪು. ಅಧಿಕಾರಿಯ ಕೋಟಿಗೆ ಕೀಟದಿಂದ ಬರುವ ದುಬಾರಿ ಕಡುಗೆಂಪು. ಆದ್ದರಿಂದ ಬಡ ಸಂಸ್ಥಾನವೊಂದರ ಕಡೆಯ ಸಿಪಾಯಿಯೂ ಕಡುಗೆಂಪಿನಲ್ಲಿ ಮಿಂಚುತ್ತಿದ್ದರೆ ಅನುಮಾನಪಡಿ: ಈ ದೊರೆಗೆ ಸಾಲ ಕೊಟ್ಟವರು ಯಾರು? ಅದಕ್ಕೂ ಒಂದು ಕಥೆ ಸಿದ್ಧವಿದ್ದರೆ ಆ ಸೈನ್ಯ ಕಟ್ಟಿದವರಿಗೆ ಕೈಮುಗಿಯಬೇಕು.

ಆಮೇಲೆ ಕಾಲರ್ ಮತ್ತು ತೋಳಿನ ಮಡಿಕೆ. ಕೋಟು ದೇಶವನ್ನು ಹೇಳಿದರೆ ಮಡಿಕೆಯ ಬಣ್ಣ ರೆಜಿಮೆಂಟನ್ನು ಹೇಳುತ್ತದೆ. ಬ್ರಿಟನ್ನಿನಲ್ಲಿ ರಾಜಮನೆತನದ ರೆಜಿಮೆಂಟುಗಳಿಗೆ ನೀಲಿ ಮಡಿಕೆ ಇರುತ್ತಿತ್ತು. ಕಲ್ಪಿತ ದೇಶದಲ್ಲೂ ಇಂಥದೊಂದು ಕಟ್ಟಳೆ ಕಾಣಬೇಕು. ಹತ್ತು ರೆಜಿಮೆಂಟಿಗೆ ಹತ್ತು ಬಣ್ಣವಿದ್ದು ಯಾವುದಕ್ಕೂ ನೆಂಟಸ್ತಿಕೆ ಇಲ್ಲದಿದ್ದರೆ ಅದು ಬಣ್ಣದ ಅಂಗಡಿ, ಸೈನ್ಯವಲ್ಲ. ನಾನಂತೂ ಮೊದಲು ಡ್ರಮ್ಮಿನ ಹುಡುಗನನ್ನು ಹುಡುಕುತ್ತೇನೆ. ಆಗಿನ ಹಲವು ಸೈನ್ಯಗಳಲ್ಲಿ ಅವನ ಬಣ್ಣ ತಿರುಗುಮುರುಗು: ಉಳಿದವರ ಮಡಿಕೆಯ ಬಣ್ಣ ಅವನ ಕೋಟಿಗೆ, ಅವರ ಕೋಟಿನ ಬಣ್ಣ ಅವನ ಮಡಿಕೆಗೆ. ಅವನೊಬ್ಬ ಸರಿಯಿದ್ದರೆ ಉಳಿದ ಲೆಕ್ಕಾಚಾರವೂ ಸಾಮಾನ್ಯವಾಗಿ ಸರಿಯಿರುತ್ತದೆ.

ಬಣ್ಣ ಹಚ್ಚುವುದರಲ್ಲಿ ಎರಡು ಪಂಗಡ. ಒಂದು ಹಳೆಯ ಆಟಿಕೆಯ ಶೈಲಿ: ಕಣ್ಣಿಗೆ ಒಂದು ಚುಕ್ಕೆ, ಕೆನ್ನೆಗೆ ಗುಲಾಬಿ, ನೆರಳಿಲ್ಲದ ಅಪ್ಪಟ ಬಣ್ಣ, ಮೇಲೆ ಹೊಳೆಯುವ ವಾರ್ನಿಷ್. ಇನ್ನೊಂದು ಹೊಳಪಿಲ್ಲದ ಶೈಲಿ. ಬೊಂಬೆ ತೀರಾ ಚಿಕ್ಕದಾದ್ದರಿಂದ ಬಟ್ಟೆಯ ಸುಕ್ಕುಗಳಲ್ಲಿ ತಾನಾಗಿ ಬೀಳದ ನೆರಳನ್ನು ಕುಂಚವೇ ಬರೆಯುತ್ತದೆ. ಎರಡನೆಯದಕ್ಕೆ ಕೈಚಳಕ ಹೆಚ್ಚು ಬೇಕು ಎಂದು ನೋಡುಗರು ನಂಬುತ್ತಾರೆ. ಅದು ಪೂರ್ತಿ ನಿಜವಲ್ಲ. ನೆರಳು ತಪ್ಪನ್ನು ಮುಚ್ಚುತ್ತದೆ; ವಾರ್ನಿಷ್ ಹೊಡೆದ ಅಪ್ಪಟ ಬಣ್ಣದಲ್ಲಿ ಬಿಳಿ ಪಟ್ಟಿ ಕೂದಲೆಳೆಯಷ್ಟು ಸೊಟ್ಟಗಾದರೂ ಎದ್ದು ಕಾಣುತ್ತದೆ. ನನ್ನ ಮನಸ್ಸು ವಾಲುವುದು ಹೊಳಪಿನ ಕಡೆಗೇ. ಬೂಟಿಗೆ ಕೆಸರು ಮೆತ್ತಿ, ಮುಖಕ್ಕೆ ದಣಿವು ಬಳಿದು ಇದು ನಿಜವಾದ ಯುದ್ಧ ಎಂದು ಸಾಧಿಸಹೊರಟರೆ ಇಲ್ಲದ ದೇಶಕ್ಕೆ ಅದು ಭಾರವಾಗುತ್ತದೆ.

ಬಾವುಟವನ್ನು ಕೊನೆಗೆ ಇಟ್ಟುಕೊಳ್ಳಿ. ಅತಿಯಾಸೆ ಸಿಕ್ಕಿಬೀಳುವುದು ಅಲ್ಲೇ: ಸಿಂಹ, ಎರಡು ತಲೆಯ ಹದ್ದು, ಕಿರೀಟ, ಲ್ಯಾಟಿನ್ ಘೋಷವಾಕ್ಯ ಎಲ್ಲವೂ ಒಂದೇ ಬಟ್ಟೆಯ ಮೇಲೆ. ಮೂರು ಹಳ್ಳಿ, ಒಂದು ಗಿರಣಿ ಇರುವ ಸಂಸ್ಥಾನಕ್ಕೆ ಎರಡು ಬಣ್ಣದ ಪಟ್ಟಿ ಸಾಕು. ಬೇಕಿದ್ದರೆ ಮೂಲೆಯಲ್ಲೊಂದು ಬಾತುಕೋಳಿ.