ಸೆಪ್ಟೆಂಬರ್ 17 ಮತ್ತು ನಮ್ಮ ಮಕ್ಕಳ ಚರಿತ್ರೆಯ ಪಾಠ

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಮಕ್ಕಳ ವಿದ್ಯಾಭ್ಯಾಸದಲ್ಲಿ ಆಸ್ಥೆಯಿಲ್ಲವೆಂದು ಯಾರೂ ಹೇಳುವಂತಿಲ್ಲ. ಗಣಿತಕ್ಕೂ ಟ್ಯೂಷನ್ನು, ಭೌತಶಾಸ್ತ್ರಕ್ಕೂ ಟ್ಯೂಷನ್ನು. ‘ಸೋಷಿಯಲ್ಲು’ ಮಾತ್ರ ಪರೀಕ್ಷೆಯ ಹಿಂದಿನ ರಾತ್ರಿಯ ಪಾಲು. ಹತ್ತನೆಯ ತರಗತಿ ದಾಟಿದೊಡನೆ ಇಲ್ಲಿಯ ರೂಢಿಯಂತೆ ಎಂಪಿಸಿ, ಇಲ್ಲವೇ ಬೈಪಿಸಿ. ಅಲ್ಲಿಗೆ ಚರಿತ್ರೆ, ರಾಜ್ಯಶಾಸ್ತ್ರಗಳ ನಂಟು ಕಡಿದಂತೆಯೇ. ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿಯ ರಾಜ್ಯಶಾಸ್ತ್ರ ಪುಸ್ತಕದಲ್ಲಿ ಹೈದರಾಬಾದ್ ಸಂಸ್ಥಾನದ ವಿಲೀನದ ಪ್ರಸ್ತಾಪವುಂಟು. ಆದರೆ ಆ ಪುಟದವರೆಗೆ ಹೋಗುವ ನಮ್ಮ ಮಕ್ಕಳು ಎಷ್ಟು ಮಂದಿ? ಆದುದರಿಂದ ಪ್ರೌಢಶಾಲೆಯ ಮೇಷ್ಟರು ಹೇಳಿದ್ದೇ ಬಹುಪಾಲು ಮಕ್ಕಳಿಗೆ ಕೊನೆಯ ಚರಿತ್ರೆ.

ಆ ಪಾಠ ಹೇಗೆ ನಡೆಯುತ್ತದೆ? ಶಂಶಾಬಾದಿನ ನಮ್ಮ ನೆರೆಹೊರೆಯ ಮಕ್ಕಳ ನೋಟ್‌ಪುಸ್ತಕಗಳನ್ನು ತಿರುವಿ ನೋಡಿದ್ದೇವೆ. ಕೊನೆಯ ನಿಜಾಮ ಯಾರು? ಪೊಲೀಸ್ ಕಾರ್ಯಾಚರಣೆ ಯಾವ ವರ್ಷ? ರಾಷ್ಟ್ರಪತಿಯಾಗಲು ಎಷ್ಟು ವಯಸ್ಸಾಗಿರಬೇಕು? ಎಲ್ಲಕ್ಕೂ ಒಂದೊಂದು ಸಾಲಿನ ಉತ್ತರ, ಕೆಳಗೆ ಕೆಂಪು ಶಾಯಿಯ ಗುರುತು. ಬಿ.ಎಸ್ಸಿ. ಓದುವಾಗ ಲವಣ ಪರೀಕ್ಷೆಯ ರೆಕಾರ್ಡಿನಲ್ಲಿ ಪ್ರಯೋಗ, ವೀಕ್ಷಣೆ, ನಿರ್ಣಯ ಎಂದು ಮೂರು ಅಂಕಣ ಹಾಕುತ್ತಿದ್ದೆವು. ಕಂಡದ್ದನ್ನು ಬರೆಯದೆ ನಿರ್ಣಯ ಬರೆದರೆ ಅಂಕ ಸಿಗುತ್ತಿರಲಿಲ್ಲ. ಚರಿತ್ರೆಯ ತರಗತಿಯಲ್ಲಾದರೋ ನಿರ್ಣಯದ ಅಂಕಣವೊಂದೇ ಉಳಿದಿದೆ. ನಮ್ಮ ಆಕ್ಷೇಪಣೆ ಇದೇ.

ಸೆಪ್ಟೆಂಬರ್ 17ನ್ನೇ ನೋಡಿ. 1948ರಲ್ಲಿ ಅಂದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಭಾರತ ಸೇನೆಗೆ ಶರಣಾದರು. ಈ ದಿನ ಕರ್ನಾಟಕದಲ್ಲಿ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವೆನಿಸಿತ್ತು. 2019ರಲ್ಲಿ ಪ್ರದೇಶದ ಹೆಸರು ಬದಲಾದ ಮೇಲೆ ಕಲ್ಯಾಣ ಕರ್ನಾಟಕ ಉತ್ಸವವಾಯಿತು. ಮಹಾರಾಷ್ಟ್ರಕ್ಕೆ ಇದು ಮರಾಠವಾಡಾ ಮುಕ್ತಿಸಂಗ್ರಾಮ ದಿನ. 2022ರಲ್ಲಿ ತೆಲಂಗಾಣ ಸರ್ಕಾರ ಇದನ್ನು ರಾಷ್ಟ್ರೀಯ ಸಮೈಕ್ಯತಾ ದಿನವೆಂದಿತು, ಕೇಂದ್ರ ಸರ್ಕಾರ ವಿಮೋಚನಾ ದಿನವೆಂದಿತು. ಒಂದೇ ಊರಿನಲ್ಲಿ ಒಂದೇ ದಿನ ಎರಡು ಸಮಾರಂಭಗಳು ನಡೆದವು. 2024ರಲ್ಲಿ ರಾಜ್ಯದ ಹೊಸ ಸರ್ಕಾರ ಅದನ್ನೇ ಪ್ರಜಾಪಾಲನಾ ದಿನವೆಂದು ಆಚರಿಸಿತು. ಒಂದು ದಿನಕ್ಕೆ ಇಷ್ಟು ಹೆಸರೇಕೆ ಎಂದು ಕೇಳಿದರೆ ಸಾಕು, ಚರಿತ್ರೆಯೂ ರಾಜಕೀಯವೂ ಒಟ್ಟಿಗೆ ತರಗತಿಯೊಳಗೆ ಬಂದು ಕೂರುತ್ತವೆ. ಆ ಪ್ರಶ್ನೆಯನ್ನು ನೋಟ್‌ಪುಸ್ತಕಗಳಲ್ಲಿ ನಾವು ಕಾಣಲಿಲ್ಲ.

ತೆಲಂಗಾಣದ ಎಂಟನೆಯ ತರಗತಿಯ ಪಠ್ಯದಲ್ಲಿ ಸಂಸ್ಥಾನದ ಸ್ವಾತಂತ್ರ್ಯ ಚಳವಳಿಗೆ ಒಂದು ಅಧ್ಯಾಯವನ್ನೇ ಕೊಟ್ಟದ್ದು ಮೆಚ್ಚತಕ್ಕ ಸಂಗತಿ. ಆದರೆ ಆ ಸಂಸ್ಥಾನ ಬರಿಯ ತೆಲುಗರದಾಗಿರಲಿಲ್ಲ. ತೆಲಂಗಾಣದ ಎಂಟು ಜಿಲ್ಲೆಗಳ ಜೊತೆ ಮರಾಠವಾಡದ ಐದು ಜಿಲ್ಲೆಗಳೂ, ನಮ್ಮ ಬೀದರ, ಗುಲಬರ್ಗಾ, ರಾಯಚೂರುಗಳೂ ಇದ್ದವು. ಸ್ಟೇಟ್ ಕಾಂಗ್ರೆಸ್ಸನ್ನು ಮುನ್ನಡೆಸಿದ ಸ್ವಾಮಿ ರಾಮಾನಂದ ತೀರ್ಥರು ಹುಟ್ಟಿದ್ದು ಸಿಂದಗಿಯಲ್ಲಿ, ಶಾಲಾಮಾಸ್ತರರಾಗಿ ದುಡಿದದ್ದು ಮರಾಠವಾಡದ ಹಿಪ್ಪರಗಾದಲ್ಲಿ. ಅವರ ಸಮಾಧಿ ಇರುವುದು ಇಲ್ಲಿಯ ಬೇಗಂಪೇಟೆಯಲ್ಲಿ. ಈ ಒಬ್ಬರ ಬಾಳನ್ನು ನಕಾಶೆಯ ಮೇಲೆ ಗುರುತಿಸಿದರೆ ಸಂಸ್ಥಾನದ ಸ್ವರೂಪ ಮಗುವಿಗೆ ತಾನಾಗಿ ತಿಳಿದೀತು.

ಇಂಥ ಪಾಠ ಎಳೆಯ ಮನಸ್ಸುಗಳಲ್ಲಿ ಹಗೆ ಬಿತ್ತೀತೆಂದು ಹಲವು ಉಪಾಧ್ಯಾಯರು ಹಿಂಜರಿಯುತ್ತಾರೆ. ಈ ಅಳುಕು ಸುಳ್ಳಲ್ಲ. ಬೀದರ ಜಿಲ್ಲೆಯ ಗೋರಟಾದಲ್ಲಿ 1948ರಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ಆ ಕಡೆಯ ನಮ್ಮ ಮನೆಗಳಲ್ಲಿ ಇಂದಿಗೂ ಮಾತಿನಲ್ಲಿದೆ. ಪಕ್ಕದ ಬೆಂಚಿನ ಮುಸ್ಲಿಂ ಹುಡುಗನ ಮನೆಯಲ್ಲಿ ಬೇರೊಂದು ನೆನಪಿರಬಹುದು. ಕಾರ್ಯಾಚರಣೆಯ ವೇಳೆ ಮತ್ತು ಆ ಬಳಿಕ 27,000ದಿಂದ 40,000 ಮಂದಿ ಸತ್ತಿರಬೇಕೆಂದು ಕೇಂದ್ರ ಸರ್ಕಾರವೇ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ ಅಂದಾಜು ಮಾಡಿತ್ತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರ, ಗುಲಬರ್ಗಾಗಳೂ ಸೇರಿದ್ದವು. ಆ ವರದಿ ಸಾರ್ವಜನಿಕರ ಕೈಗೆ ದೊರೆತದ್ದು 2013ರಲ್ಲಿ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಒಬ್ಬ ಹುಡುಗ ತಲೆಯೆತ್ತುತ್ತಾನೆ, ಇನ್ನೊಬ್ಬ ತಲೆತಗ್ಗಿಸುತ್ತಾನೆ. ಎರಡನ್ನೂ ಬಿಟ್ಟುಬಿಟ್ಟರೆ ಇಬ್ಬರಿಗೂ ಮೊಬೈಲೇ ಗುರುವಾಗುತ್ತದೆ. ಅದಕ್ಕೆ ಯಾವ ಅಳುಕೂ ಇಲ್ಲ.

ಎರಡನ್ನೂ ಹೇಳಿ, ಜೊತೆಗೆ ಶೋಯೆಬುಲ್ಲಾ ಖಾನರ ಹೆಸರನ್ನೂ ಹೇಳಬೇಕು. ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಈ ತರುಣ ಸಂಪಾದಕರು ಭಾರತದೊಡನೆ ವಿಲೀನವನ್ನು ಬೆಂಬಲಿಸಿ, ರಜಾಕಾರರನ್ನು ಖಂಡಿಸಿ ಬರೆದರು. 1948ರ ಆಗಸ್ಟ್‌ನಲ್ಲಿ ಇದೇ ನಗರದಲ್ಲಿ ಅವರ ಕೊಲೆಯಾಯಿತು. ಮತಕ್ಕೊಂದು ಪಕ್ಷವೆಂದು ಸುಲಭವಾಗಿ ಗೆರೆ ಎಳೆಯಲು ಅವರ ಸಾವು ಬಿಡುವುದಿಲ್ಲ.

ಪೌರನೀತಿಯ ಪಾಠಕ್ಕೂ ಇಲ್ಲಿಂದಲೇ ದಾರಿಯುಂಟು. ರಾಯಚೂರಿನಲ್ಲಿರುವ ಚಿಕ್ಕಪ್ಪನ ಮಗನಿಗೆ 371(ಜೆ) ಮೀಸಲಾತಿ ಏಕೆ ಸಿಕ್ಕಿತೆಂದು ನಮ್ಮ ಮಕ್ಕಳು ಕೇಳುತ್ತಾರೆ. ಉತ್ತರ ಸಂವಿಧಾನದ ಪುಸ್ತಕದಲ್ಲಷ್ಟೇ ಇಲ್ಲ. ನಿಜಾಮರ ಕಾಲದ ಹಿಂದುಳಿದಿರುವಿಕೆ, 1956ರ ನವೆಂಬರ್ 1ರಂದು ಸಂಸ್ಥಾನ ಮೂರು ಪಾಲಾದದ್ದು, ಅನಂತರ ದಶಕಗಳು ನಡೆದ ಬೇಡಿಕೆ, 2012ರ ತಿದ್ದುಪಡಿ, ಇವನ್ನು ಸಾಲಾಗಿ ಜೋಡಿಸಿದರೆ ಕಾನೂನು ಹೇಗೆ ಹುಟ್ಟುತ್ತದೆಂದು ತಿಳಿಯುತ್ತದೆ. ವಯಸ್ಸಿನ ಅರ್ಹತೆ, ಸದಸ್ಯರ ಸಂಖ್ಯೆ ಬಾಯಿಪಾಠವಾದರೆ ಅಂಕ ಬಂದೀತು, ಪೌರನಾಗುವುದಿಲ್ಲ.

ಎಲ್ಲವನ್ನೂ ಉಪಾಧ್ಯಾಯರ ತಲೆಗೆ ಕಟ್ಟುವುದು ನ್ಯಾಯವಲ್ಲ. ಸಿಲಬಸ್ ಮುಗಿಸುವ ಗಡಿಬಿಡಿ ಅವರದು. ಅಂಕ ಕಡಿಮೆಯಾಯಿತೆಂದು ಜಗಳಕ್ಕೆ ಹೋಗುವ ಪಾಲಕರೂ ಅವರಿಗಿದ್ದಾರೆ. ಮುಂದಿನ ಪಾಲಕರ ಸಭೆಯಲ್ಲಿ ಅಂಕದ ಮಾತಿನ ಜೊತೆಗೆ, ‘ಸೆಪ್ಟೆಂಬರ್ 17ರ ಬಗೆಗೆ ಮಕ್ಕಳಿಗೆ ಏನು ಹೇಳಿಕೊಟ್ಟಿರಿ?’ ಎಂದು ವಾಚಕರು ವಿನಯದಿಂದಲೇ ಕೇಳಬೇಕು. ಆ ಕಾಲವನ್ನು ಕಂಡ ಹಿರಿಯರು ಈಗ ತೀರ ಕೆಲವರು. ಅವರ ಮುಂದೆ ಮಕ್ಕಳನ್ನು ಕೂರಿಸಿ, ಕಣ್ಣಾರೆ ಕಂಡದ್ದನ್ನು ಒಂದು ಅಂಕಣದಲ್ಲೂ, ಕೇಳಿ ತಿಳಿದದ್ದನ್ನು ಇನ್ನೊಂದರಲ್ಲೂ ಬರೆಸಬೇಕು. ನಿರ್ಣಯದ ಅಂಕಣವನ್ನು ಮಕ್ಕಳು ಆಮೇಲೆ ತುಂಬಲಿ.