‘ಸ್ಪೇಸ್ ಜ್ಯಾಮ್’ ಚಲಚ್ಚಿತ್ರದಲ್ಲಿ ಅಂಗಿರಸದ ವಿಚಾರ

ಅಮೆರಿಕದ ವಾರ್ನರ್ ಬ್ರದರ್ಸ್ ಸಂಸ್ಥೆಯವರು ೧೯೯೬ನೆಯ ಇಸವಿ ನವೆಂಬರು ತಿಂಗಳಲ್ಲಿ ತೆರೆಗೆ ತಂದ ‘ಸ್ಪೇಸ್ ಜ್ಯಾಮ್’ ಎಂಬ ಚಲಚ್ಚಿತ್ರವು ಮಕ್ಕಳೂ ಹಿರಿಯರೂ ಕೂಡಿ ನೋಡಲೆಂದು ಮಾಡಿದ ವಿನೋದಪ್ರಧಾನವಾದ ಕೃತಿ. ಸಾಹಿತ್ಯಶೋಧನೆಗೆ ಮೀಸಲಾದ ಪತ್ರಿಕೆಯಲ್ಲಿ ಚೆಂಡಾಟದ ಚಿತ್ರವೊಂದಕ್ಕೆ ಎಡೆಯುಂಟೆ ಎಂದು ವಾಚಕರಲ್ಲಿ ಕೆಲವರಾದರೂ ಕೇಳುವರು. ನಾನೂ ಹಾಗೆಯೇ ಕೇಳುತ್ತಿದ್ದವನು. ಆದರೆ ರಜೆಗೆ ಬಂದಿದ್ದ ಮೊಮ್ಮಗನೊಡನೆ ಕುಳಿತು ಈ ಚಿತ್ರವನ್ನು ನೋಡುತ್ತಿದ್ದಾಗ ಆ ಹುಡುಗನು, “ಈ ಮೊಲಕ್ಕೆ ಎಷ್ಟು ಹೊಡೆದರೂ ಏನೂ ಆಗುವುದಿಲ್ಲವಲ್ಲ ತಾತ, ಮತ್ತೇಕೆ ಹೆದರುತ್ತದೆ?” ಎಂದು ಕೇಳಿದನು. ಉತ್ತರವು ತಟ್ಟನೆ ಹೊಳೆಯಲಿಲ್ಲ. ಯೋಚಿಸಿದಂತೆಲ್ಲ ಅದು ರಸವಿಚಾರಕ್ಕೆ ಸೇರಿದ ಪ್ರಶ್ನೆಯೆಂದು ತೋರಿತು. ತಡವಾಗಿಯಾದರೂ ಆ ಉತ್ತರವನ್ನು ಇಲ್ಲಿ ಹೇಳಲು ಯತ್ನಿಸಿದ್ದೇನೆ.

ಕಥೆಯನ್ನು ಮೊದಲು ಸಂಗ್ರಹಿಸಬೇಕು. ಅನ್ಯಗ್ರಹವೊಂದರಲ್ಲಿ ವಿನೋದವನವನ್ನು ನಡೆಸುವ ಸ್ವ್ಯಾಕ್‌ಹ್ಯಾಮರ್ ಎಂಬ ಯಜಮಾನನು ಹೊಸ ಆಕರ್ಷಣೆಗಾಗಿ, ‘ಲೂನಿ ಟ್ಯೂನ್ಸ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಕಾರ್ಟೂನು ಪಾತ್ರಗಳನ್ನು ಸೆರೆಹಿಡಿದು ತರಲು ಐವರು ಕುಬ್ಜ ಸೇವಕರನ್ನು ಕಳುಹಿಸುವನು. ಬಗ್ಸ್ ಬನ್ನಿ ಎಂಬ ಮೊಲವು ಅವರ ಗಿಡ್ಡತನವನ್ನು ನೋಡಿ, ನಮ್ಮನ್ನು ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಸೋಲಿಸಿದರೆ ಬರುತ್ತೇವೆಂದು ಉಪಾಯ ಹೂಡುವುದು. ಆದರೆ ಕುಬ್ಜರು ಮನುಷ್ಯಲೋಕಕ್ಕೆ ಹೋಗಿ ಚಾರ್ಲ್ಸ್ ಬಾರ್ಕ್ಲಿ, ಪ್ಯಾಟ್ರಿಕ್ ಯೂಯಿಂಗ್ ಮೊದಲಾದ ಐವರು ವೃತ್ತಿ ಆಟಗಾರರ ಪ್ರತಿಭೆಯನ್ನು ಕದ್ದು ದೈತ್ಯರಾಗಿಬಿಡುವರು. ಆಗ ಮೊಲ ಮತ್ತು ಅದರ ಬಳಗದವರು ಆ ಆಟದಲ್ಲಿ ಜಗದ್ವಿಖ್ಯಾತನಾದ ಮೈಕೆಲ್ ಜೋರ್ಡನನನ್ನು ಗಾಲ್ಫ್ ಆಟದ ಗುಳಿಯ ಮೂಲಕ ಪಾತಾಳಕ್ಕೆಳೆದಂತೆ ತಮ್ಮ ಲೋಕಕ್ಕೆ ಎಳೆದುಕೊಳ್ಳುವರು. ಪಂದ್ಯವು ನಡೆಯುವುದು, ಅರ್ಧದ ಹೊತ್ತಿಗೆ ಮುಳುಗಿಹೋದಂತಿದ್ದ ಟ್ಯೂನ್ ಪಕ್ಷವು ಕೊನೆಗೆ ೭೮ಕ್ಕೆ ೭೭ರಂತೆ ಒಂದೇ ಅಂಕದಿಂದ ಗೆಲ್ಲುವುದು. ಜೋ ಪಿಟ್ಕಾ ನಿರ್ದೇಶಕ. ಐವಾನ್ ರೈಟ್‌ಮನ್ ನಿರ್ಮಾಪಕರಲ್ಲೊಬ್ಬ. ಜೋರ್ಡನನು ತನ್ನ ಪಾತ್ರವನ್ನು ತಾನೇ ವಹಿಸಿದ್ದಾನೆ.

ಸಜೀವ ನಟರನ್ನೂ ಬರೆದ ಚಿತ್ರಗಳನ್ನೂ ಬೆರಸುವುದು ಹೊಸ ವಿದ್ಯೆಯಲ್ಲ. ಮೂಕಚಿತ್ರಗಳ ಕಾಲದಲ್ಲಿಯೇ ಫ್ಲೈಶರ್ ಸೋದರರು ಮಸಿಕುಡಿಕೆಯಿಂದ ವಿದೂಷಕನೊಬ್ಬನನ್ನು ಹೊರಡಿಸಿ ಚಿತ್ರಕಾರನ ಮೇಜಿನ ಮೇಲೆ ಕುಣಿಸಿದ್ದರು. ೧೯೪೫ರ ‘ಆಂಕರ್ಸ್ ಅವೇ’ ಚಿತ್ರದಲ್ಲಿ ಜೀನ್ ಕೆಲಿ ಎಂಬ ನರ್ತಕನು ಜೆರಿ ಎಂಬ ಇಲಿಯೊಡನೆ ಹೆಜ್ಜೆ ಹಾಕಿದನು. ೧೯೮೮ರ ‘ಹೂ ಫ್ರೇಮ್ಡ್ ರಾಜರ್ ರ್‍ಯಾಬಿಟ್’ ಎಂಬುದರಲ್ಲಿ ಈ ಕಲೆಯು ಬೆರಗುಗೊಳಿಸುವಷ್ಟು ಪರಿಪಾಕವನ್ನು ಪಡೆಯಿತು; ಅಲ್ಲಿ ಬರೆದ ಮೊಲದ ಮೈಮೇಲೆ ನಿಜವಾದ ದೀಪದ ಬೆಳಕು ಬಿದ್ದಂತೆಯೇ ಭಾಸವಾಗುವುದು. ‘ಸ್ಪೇಸ್ ಜ್ಯಾಮ್’ ಇದೇ ಕೆಲಸಕ್ಕೆ ಗಣಕಯಂತ್ರವನ್ನು ಹೇರಳವಾಗಿ ಬಳಸಿಕೊಂಡಿತು. ಜೋರ್ಡನನು ಹಸುರು ಗೋಡೆಗಳ ನಡುವೆ, ಹಸುರು ಉಡುಪು ತೊಟ್ಟ ಸಹಾಯಕರೊಡನೆ ಆಡಿದನು. ಹಸುರನ್ನು ಅಳಿಸಿ ಆ ಎಡೆಯಲ್ಲಿ ಪಾತ್ರಗಳನ್ನು ಕೂಡಿಸಿದರು. ತಂತ್ರದ ವಿಷಯ ಇಷ್ಟು ಸಾಕು. ಎರಡು ಲೋಕಗಳನ್ನು ಒಂದೇ ತೆರೆಯ ಮೇಲೆ ಅಂಟಿಸುವುದು ಯಂತ್ರದ ಸಾಮರ್ಥ್ಯ; ಎರಡು ಧರ್ಮಗಳನ್ನು ಹೊಂದಿಸುವುದು ಕವಿಯ ಕೆಲಸ.

ಭರತಮುನಿಯು ಲೋಕಧರ್ಮಿ, ನಾಟ್ಯಧರ್ಮಿ ಎಂದು ವಿಂಗಡಿಸಿದ ಎರಡು ಬಗೆಯ ಪ್ರಯೋಗಗಳು ಇಲ್ಲಿ ನೆನಪಿಗೆ ಬರುವುವು. ಲೋಕಸ್ವಭಾವವನ್ನು ಅನುಸರಿಸುವುದು ಒಂದು, ರಂಗದ ಸಂಕೇತಗಳನ್ನು ಅನುಸರಿಸುವುದು ಇನ್ನೊಂದು. ಕಾರ್ಟೂನು ನಾಟ್ಯಧರ್ಮಿಯ ಪರಾಕಾಷ್ಠೆ. ಬಂಡೆಯ ಕೆಳಗೆ ಸಿಕ್ಕ ತೋಳ ಹಪ್ಪಳದಂತೆ ಚಪ್ಪಟೆಯಾಗಿ ಮರುನಿಮಿಷದಲ್ಲಿ ಎದ್ದು ಓಡುವುದು. ಬಾತುಕೋಳಿಯ ಕೊಕ್ಕು ಗುಂಡಿನೇಟಿಗೆ ತಲೆಯ ಹಿಂದಕ್ಕೆ ತಿರುಗಿದರೆ ಅದನ್ನು ಕೈಯಿಂದ ಸರಿಪಡಿಸಿಕೊಂಡು ಮಾತು ಮುಂದುವರಿಸುವುದು. ನಮ್ಮಲ್ಲಿ ಅತಿಶಯೋಕ್ತಿಯೆನಿಸುವುದು ಆ ಲೋಕದಲ್ಲಿ ಸ್ವಭಾವೋಕ್ತಿ. ಅಲ್ಲಿನ ಹಾಸ್ಯದ ಬೇರು ಇದೇ: ನೋವಿನ ಆಕಾರವುಂಟು, ನೋವಿಲ್ಲ. ಕೆಡುಕಿನ ಭಯವಿಲ್ಲದ್ದರಿಂದಲೇ ನೋಡುವವನು ನಿಶ್ಚಿಂತನಾಗಿ ನಗಬಲ್ಲನು.

ಪಂದ್ಯದ ಕಥೆಗೆ ಬೇಕಾದುದು ಇದಕ್ಕೆ ತೀರ ವಿರುದ್ಧವಾದದ್ದು. ಅಲ್ಲಿ ಸೋಲು ನಿಜವಾಗಿರಬೇಕು, ದಣಿವು ನಿಜವಾಗಿರಬೇಕು. ಇಲ್ಲವಾದರೆ ಗೆಲುವಿಗೆ ಬೆಲೆಯಿಲ್ಲ. ಅದರ ರಸ ವೀರ. ಉತ್ಸಾಹವೆಂಬ ಸ್ಥಾಯಿಯು ಅಪಾಯವಿಲ್ಲದೆ ಬೆಳೆಯದು. ಕಾರ್ಟೂನಿನ ಹಾಸ್ಯವನ್ನೂ ಪಂದ್ಯದ ವೀರವನ್ನೂ ಒಂದೇ ಪ್ರಬಂಧದಲ್ಲಿ ಹೂಡಿದ ಕರ್ತೃಗಳ ಮುಂದೆ ಒಂದು ಆಯ್ಕೆಯಿತ್ತು. ರಸಗಳು ಎಷ್ಟೇ ಇರಲಿ, ಒಂದು ಅಂಗಿಯಾಗಿ ಮಿಕ್ಕವು ಅಂಗಗಳಾಗಬೇಕೆಂಬುದು ಆನಂದವರ್ಧನನ ಮತ. ಇವರು ವೀರವನ್ನು ಅಂಗಿಯಾಗಿ ಆರಿಸಿದರು. ಅದರಲ್ಲಿ ತಪ್ಪೇನೂ ಇಲ್ಲ. ತಪ್ಪು ಆಮೇಲಿನದು. ಭಯವು ಪ್ರತಿನಾಯಕನಲ್ಲಿದ್ದರೆ ನಾಯಕನ ವೀರವನ್ನು ಪೋಷಿಸುವುದೆಂದು ಆಲಂಕಾರಿಕರು ಒಪ್ಪಿದ್ದಾರೆ. ಇಲ್ಲಿಯಾದರೋ ಭಯವನ್ನು ಇಟ್ಟಿರುವುದು ಮೊಲದಲ್ಲಿ, ಬಾತುಕೋಳಿಯಲ್ಲಿ, ಹಂದಿಯಲ್ಲಿ. ಎಂದರೆ ಸ್ವಭಾವತಃ ಭಯಕ್ಕೆ ಆಶ್ರಯವಾಗಲಾರದ ಪಾತ್ರಗಳಲ್ಲಿ. ಅವು ಹೆದರಿದಷ್ಟೂ ಜೋರ್ಡನನು ದೊಡ್ಡವನಾಗುವನು, ನಿಜ. ಆದರೆ ಅಷ್ಟಷ್ಟೂ ಅವು ತಮ್ಮತನವನ್ನು ಕಳೆದುಕೊಳ್ಳುವುವು. ಹುಡುಗನ ಪ್ರಶ್ನೆ ತಟ್ಟಿದ್ದು ಈ ಬಿರುಕಿಗೆ.

ಮೊಲದ ಪೂರ್ವಚರಿತ್ರೆಯನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುವುದು. ೧೯೪೦ರಲ್ಲಿ ಟೆಕ್ಸ್ ಏವರಿ ನಿರ್ದೇಶಿಸಿದ ‘ಎ ವೈಲ್ಡ್ ಹೇರ್’ ಎಂಬ ಕಿರುಚಿತ್ರದಲ್ಲಿ ಅದರ ಗುಣವು ನೆಲೆಗೊಂಡಿತು. ಬಂದೂಕವನ್ನು ಹಿಡಿದ ಬೇಟೆಗಾರನ ಎದುರಿಗೆ ಗಜ್ಜರಿಯನ್ನು ಕಡಿಯುತ್ತ ಸಾವಧಾನವಾಗಿ ಕುಶಲಪ್ರಶ್ನೆ ಮಾಡುವುದು ಅದರ ಸ್ವಭಾವ. ನಮಗೆ ಈ ಜಾತಿಯ ಮೊಲ ಅಪರಿಚಿತವಲ್ಲ. ಪಂಚತಂತ್ರದ ಮೊಲವು ಸಿಂಹಕ್ಕೆ ಬಾವಿಯಲ್ಲಿ ಅದರ ಪ್ರತಿಬಿಂಬವನ್ನೇ ತೋರಿಸಿ ಕೊಂದಿತಷ್ಟೆ. ಆನೆಯನ್ನು ನೆರವಿಗೆ ಕರೆಯಲಿಲ್ಲ. ಬಲಹೀನನ ಬುದ್ಧಿಯೇ ಬಲವೆಂಬುದು ಆ ಕಥಾಪ್ರಕಾರದ ಪ್ರಾಣ. ಬಲಿಷ್ಠನನ್ನು ಪಕ್ಕಕ್ಕೆ ನಿಲ್ಲಿಸಿದ ಕ್ಷಣವೇ ಕಥೆ ಬಲಿಷ್ಠನದಾಗುವುದು.

ಪ್ರಕೃತಕ್ಕೆ ಅತ್ಯಂತ ಉಪಯುಕ್ತವಾದುದು ೧೯೪೬ರಲ್ಲಿ ಫ್ರಿಜ್ ಫ್ರೀಲೆಂಗ್ ನಿರ್ದೇಶಿಸಿದ ‘ಬೇಸ್‌ಬಾಲ್ ಬಗ್ಸ್’. ಅದೂ ಪಂದ್ಯದ ಕಥೆಯೇ. ರಾಕ್ಷಸಾಕಾರದ ಆಟಗಾರರ ತಂಡವೊಂದು ಮುದುಕರ ತಂಡವನ್ನು ಚಚ್ಚುತ್ತಿರುವಾಗ ಮೊಲವು ತನ್ನ ಬಿಲದಿಂದ ತಲೆಯೆತ್ತಿ, ಒಬ್ಬನೇ ನಿಮ್ಮನ್ನೆಲ್ಲ ಸೋಲಿಸುವೆನೆಂದು ಹಂಗಿಸುವುದು. ಸರಿ, ಆಡು ಎನ್ನುವರು. ಚೆಂಡೆಸೆಯುವುದೂ ಅದೇ, ಹಿಡಿಯುವುದೂ ಅದೇ, ನಾಲ್ಕು ಮೂಲೆಗಳಲ್ಲಿ ನಿಲ್ಲುವುದೂ ಅದೇ. ತನ್ನನ್ನು ತಾನೇ ಹೊಗಳಿ ಕೂಗಿ ಉತ್ತೇಜಿಸಿಕೊಳ್ಳುವುದೂ ಅದೇ. ಕೊನೆಯ ಹೊಡೆತವು ಮೈದಾನವನ್ನು ದಾಟಿ ಹಾರಿದಾಗ ಅದು ಬಾಡಿಗೆ ಮೋಟಾರನ್ನು ಹಿಡಿದು, ಮುಗಿಲುಮುಟ್ಟುವ ಕಟ್ಟಡದ ತುದಿಗೇರಿ, ಕೈಚೀಲವನ್ನು ಮೇಲಕ್ಕೆಸೆದು ಚೆಂಡನ್ನು ಹಿಡಿಯುವುದು. ಅಂತಿಮ ಗಣನೆ ೯೬ಕ್ಕೆ ೯೫. ಇಲ್ಲಿಯೂ ಒಂದೇ ಅಂಕದ ಗೆಲುವೆಂಬುದನ್ನು ಗಮನಿಸಬೇಕು. ಸುಮಾರು ಏಳು ನಿಮಿಷಗಳ ಈ ಚಿತ್ರದಲ್ಲಿ ಭಯದ ಲೇಶವೂ ಇಲ್ಲ, ಆದರೂ ಕುತೂಹಲ ಕುಂದುವುದಿಲ್ಲ. ಗೆಲ್ಲುವುದೋ ಇಲ್ಲವೋ ಎಂದು ನಾವು ಕೇಳುವುದಿಲ್ಲ, ಹೇಗೆ ಗೆಲ್ಲುವುದೆಂದು ಕಾಯುತ್ತೇವೆ. ಐವತ್ತು ವರ್ಷಗಳ ತರುವಾಯ ಅದೇ ಮೊಲಕ್ಕೆ ನಾಲ್ವರು ಸಂಗಡಿಗರು ಸಾಲದೆ ಮನುಷ್ಯನೊಬ್ಬನ ಕಾಲು ಹಿಡಿಯಬೇಕಾಯಿತು. ಬಗ್ಸ್‌ನ ಅನೇಕ ಉತ್ತಮ ಚಿತ್ರಗಳನ್ನು ರಚಿಸಿದ ಚಕ್ ಜೋನ್ಸ್ ಎಂಬ ಹಿರಿಯನು ‘ಸ್ಪೇಸ್ ಜ್ಯಾಮ್’ ಅನ್ನು ಮೆಚ್ಚದೆ, ಮೊಲವು ಪರರ ನೆರವನ್ನು ಬೇಡುವುದು ಅದರ ಶೀಲಕ್ಕೆ ವಿರುದ್ಧವೆಂದು ಆಕ್ಷೇಪಿಸಿದ್ದುಂಟು. ಅದು ವೃದ್ಧನ ಅಸೂಯೆಯಲ್ಲ. ಔಚಿತ್ಯವನ್ನು ಬಲ್ಲವನ ಮಾತು.

ಹಾಗೆಂದು ಚಿತ್ರವನ್ನು ಇಷ್ಟಕ್ಕೇ ತಳ್ಳಿಹಾಕಿದರೆ ಅನ್ಯಾಯವಾಗುವುದು. ಅದರೊಳಗೆ ಒಂದು ನಿಜವಾದ ದುಃಖವಿದೆ. ಅದು ಮೊಲದ್ದಲ್ಲ, ಜೋರ್ಡನನದು. ೧೯೯೩ನೆಯ ಜುಲೈ ತಿಂಗಳಲ್ಲಿ ಅವನ ತಂದೆ ಜೇಮ್ಸ್ ಜೋರ್ಡನ್ ಕೊಲೆಯಾದನು. ಅಕ್ಟೋಬರಿನಲ್ಲಿ ಮಗನು ಕೀರ್ತಿಯ ಶಿಖರದಲ್ಲಿದ್ದಾಗಲೇ ಆಟವನ್ನು ಬಿಟ್ಟನು. ಮಗನು ಬೇಸ್‌ಬಾಲ್ ಆಡಬೇಕೆಂಬುದು ತಂದೆಯ ಬಯಕೆಯಾಗಿದ್ದಿತು. ೧೯೯೪ರಲ್ಲಿ ಅವನು ಬರ್ಮಿಂಗ್‌ಹ್ಯಾಮ್ ಬ್ಯಾರನ್ಸ್ ಎಂಬ ಕೆಳದರ್ಜೆಯ ತಂಡವನ್ನು ಸೇರಿ, ದಾಂಡಿನಲ್ಲಿ ೦.೨೦೨ ಎಂಬ ಸಾಧಾರಣಕ್ಕಿಂತ ಕೆಳಗಿನ ಸರಾಸರಿಯನ್ನು ಪಡೆದು, ೧೯೯೫ರ ಮಾರ್ಚಿಯಲ್ಲಿ ತನ್ನ ಹಳೆಯ ಆಟಕ್ಕೆ ಮರಳಿದನು. ಆ ಬೇಸಗೆಯಲ್ಲಿ ಈ ಚಿತ್ರದ ಕೆಲಸ ನಡೆಯಿತು. ಅಭ್ಯಾಸ ತಪ್ಪದಿರಲೆಂದು ಸ್ಟುಡಿಯೋದವರು ಅವನಿಗಾಗಿ ಆಟದ ಅಂಕಣವನ್ನೇ ಕಟ್ಟಿಕೊಟ್ಟರು. ಮುಂದಿನ ಋತುವಿನಲ್ಲಿ ಅವನ ಷಿಕಾಗೊ ತಂಡವು ೮೨ ಪಂದ್ಯಗಳಲ್ಲಿ ೭೨ನ್ನು ಗೆದ್ದಿತು. ಲೌಕಿಕ ಚರಿತ್ರೆಯಲ್ಲಿ ಅವನು ಏಕೆ ಮರಳಿದನೆಂಬುದಕ್ಕೆ ಚಿತ್ರವು ಒಂದು ಕಟ್ಟುಕಥೆಯನ್ನು ಕಾರಣವಾಗಿ ಒದಗಿಸುತ್ತದೆ: ನಡುವಣ ಕಾಲದಲ್ಲಿ ಅವನು ಕಾರ್ಟೂನುಗಳ ಲೋಕಕ್ಕೆ ಹೋಗಿದ್ದನು!

ಕೊಲೆಯ ಮಾತು ಚಿತ್ರದಲ್ಲಿ ಇಲ್ಲ. ಆದರೆ ತಂದೆ ಇದ್ದಾನೆ. ಚಿತ್ರವು ತೆರೆಯುವುದೇ ಒಂದು ರಾತ್ರಿ, ಮನೆಯ ಹಿತ್ತಲಲ್ಲಿ. ನಿದ್ದೆಗೆಟ್ಟು ಚೆಂಡನ್ನು ಬುಟ್ಟಿಗೆ ಹಾಕುತ್ತಿರುವ ಹುಡುಗನ ಬಳಿಗೆ ತಂದೆ ಬರುತ್ತಾನೆ; ಹುಡುಗನು ತನ್ನ ಕನಸುಗಳನ್ನು ಒಂದೊಂದಾಗಿ ಹೇಳುತ್ತಾನೆ; ಇದೆಲ್ಲ ಆದಮೇಲೆ ಹಾರಲೂ ಹಾರುವೆಯೇನೋ ಎಂದು ತಂದೆ ನಕ್ಕು ನುಡಿಯುತ್ತಾನೆ. ಹುಡುಗನು ಓಡಿ ನೆಗೆಯುವನು. ತಂದೆಯ ಆ ಮಾತು ಅಲ್ಲಿ ಬರಿಯ ಅತಿಶಯೋಕ್ತಿ. ಚಿತ್ರದ ಅಂತ್ಯದಲ್ಲಿ, ಒಂದು ಅಂಕ ಹಿಂದೆ ಬಿದ್ದು ಕೆಲವೇ ಕ್ಷಣಗಳು ಉಳಿದಿರುವಾಗ, ಜೋರ್ಡನನು ಅಂಕಣದ ನಡುವಿನಿಂದಲೇ ನೆಗೆಯುವನು. ದೈತ್ಯರು ಅವನ ಮೈಗೆ ಜೋತುಬಿದ್ದಿರಲು ಅವನ ತೋಳು ನೀಳುತ್ತ ನೀಳುತ್ತ ಹೋಗಿ ಬುಟ್ಟಿಯನ್ನು ಮುಟ್ಟುವುದು. ಅತಿಶಯೋಕ್ತಿಯು ಸ್ವಭಾವೋಕ್ತಿಯಾಗುವ ಲೋಕಕ್ಕೆ ಬಂದುದರಿಂದಲೇ ತಂದೆಯ ಮಾತು ಅಕ್ಷರಶಃ ನಿಜವಾಯಿತು. ಇದಕ್ಕೆ ಮುಂಚೆ ಅದೇ ದೈತ್ಯರು ಅವನನ್ನು ಚೆಂಡಿನಂತೆ ಉಂಡೆಮಾಡಿ ಪುಟಿಸಿದ್ದರು. ಆಗ ನಾಟ್ಯಧರ್ಮವು ಅವನ ಮೇಲೆ ನಡೆದ ಬಲಾತ್ಕಾರ, ಈಗ ಅವನು ತಾನಾಗಿ ಸ್ವೀಕರಿಸಿದ ಧರ್ಮ. ಅಂಟಿಸಿದ ಎರಡು ಲೋಕಗಳು ಈ ಒಂದೇ ನೆಗೆತದಲ್ಲಿ ನಿಜವಾಗಿ ಕೂಡುತ್ತವೆ. ಕರ್ತೃಗಳು ಇದನ್ನು ಬುದ್ಧಿಪೂರ್ವಕವಾಗಿ ಹೆಣೆದರೋ, ತಾನಾಗಿ ಒದಗಿತೋ. ನನಗಂತೂ ಚಿತ್ರದ ಮಿಕ್ಕ ದೋಷಗಳೆಲ್ಲ ಅಲ್ಲಿ ಕ್ಷಮ್ಯವೆನಿಸಿದುವು.

ಹಾಸ್ಯದ ವಿಷಯದಲ್ಲಿಯೂ ಅನಿರೀಕ್ಷಿತವಾದ ಒಂದು ಸಂಗತಿಯುಂಟು. ಚಿತ್ರದ ಅತ್ಯುತ್ತಮ ನಗೆಯು ಬರೆದ ಪಾತ್ರಗಳಿಂದ ಹುಟ್ಟದೆ, ಪ್ರತಿಭೆಯನ್ನು ಕಳೆದುಕೊಂಡ ಆ ಐವರು ನಿಜವಾದ ಆಟಗಾರರಿಂದ ಹುಟ್ಟುವುದು. ಏಳೂವರೆ ಅಡಿ ಎತ್ತರದ ಷಾನ್ ಬ್ರಾಡ್ಲಿಯೂ, ಐದಡಿ ಮೂರಂಗುಲದ ಮಗ್ಸಿ ಬೋಗ್ಸನೂ ಒಂದೇ ಸಾಲಿನಲ್ಲಿ ಕುಳಿತು ವೈದ್ಯನ ಮುಂದೆ ಬಿಳಿಚಿಕೊಂಡಿರುವರು. ಗರ್ವಿಷ್ಠನೆಂದು ಹೆಸರಾದ ಬಾರ್ಕ್ಲಿಯು ಬೀದಿಯ ಅಂಕಣದಲ್ಲಿ ಹುಡುಗಿಯರೊಡನೆ ಆಡಹೋಗಿ ಅಲ್ಲಿಯೂ ನಗೆಗೀಡಾಗುವನು. ಇವರು ನಟರಲ್ಲ, ಮಾತು ಒರಟು, ಚಲನೆ ಬಿಗಿ. ಆ ಒರಟುತನವೇ ಪಾತ್ರಕ್ಕೆ ಒಪ್ಪಿಬಿಟ್ಟಿದೆ. ತನ್ನ ವಿದ್ಯೆ ಒಂದು ಬೆಳಗ್ಗೆ ಕಾಣದಂತಾದರೆ ತಾನಾರು ಎಂಬ ಅಂಜಿಕೆ ಎಲ್ಲ ವಿದ್ಯಾವಂತರಿಗೂ ಇರುವುದಷ್ಟೆ. ಇಲ್ಲಿ ಭಯವು ಸರಿಯಾದ ಆಶ್ರಯದಲ್ಲಿದೆ. ಆದ್ದರಿಂದ ನಗೆಯೂ ಸರಿಯಾಗಿದೆ.

ಮೊಲಕ್ಕೆ ಅದರ ಹಳೆಯ ಘನತೆ ಒಂದೇ ಒಂದು ಕಡೆ ಮರಳುವುದು. ಆಟದ ನಡುವಣ ವಿರಾಮದಲ್ಲಿ ಎಲ್ಲರೂ ಎದೆಗುಂದಿರುವಾಗ ಅದು ಬರಿಯ ನೀರಿನ ಸೀಸೆಯ ಮೇಲೆ ಜೋರ್ಡನನ ಗುಪ್ತ ಔಷಧವೆಂದು ಬರೆದು ಹಂಚುವುದು, ಕುಡಿದವರೆಲ್ಲ ಹುಲಿಗಳಾಗುವರು. ಬಾವಿಯ ಪ್ರತಿಬಿಂಬಕ್ಕೆ ಇದು ಸಮೀಪದ ಉಪಾಯ. ಆದರೆ ಇಲ್ಲಿಯೂ ಸೀಸೆಯ ಮೇಲಿನ ಹೆಸರು ಯಾರದೆಂಬುದನ್ನು ನೋಡಬೇಕು.

ಇದರ ಕಾರಣವನ್ನು ಚಿತ್ರದ ಹುಟ್ಟಿನಲ್ಲಿಯೇ ಹುಡುಕಬಹುದು. ೧೯೯೨ರಲ್ಲಿಯೂ ೧೯೯೩ರಲ್ಲಿಯೂ ನೈಕಿ ಎಂಬ ಪಾದರಕ್ಷೆಯ ಸಂಸ್ಥೆಗಾಗಿ ಇದೇ ಪಿಟ್ಕಾ ಜೋರ್ಡನನನ್ನೂ ಬಗ್ಸ್ ಬನ್ನಿಯನ್ನೂ ಕೂಡಿಸಿ ಜಾಹೀರಾತುಗಳನ್ನು ಮಾಡಿದ್ದನು. ಅವು ಜನಪ್ರಿಯವಾದುವು, ಚಿತ್ರವು ಆ ಬೀಜದಿಂದ ಮೊಳೆಯಿತು. ಜಾಹೀರಾತಿನಲ್ಲಿ ವಸ್ತುವೇ ರಾಜ, ಮಿಕ್ಕವರು ವಂದಿಮಾಗಧರು. ವಿದೂಷಕನು ರಾಜನನ್ನು ಹಾಸ್ಯಮಾಡಬಲ್ಲನು, ವಂದಿಮಾಗಧನು ಮಾಡಲಾರನು. ತಮ್ಮ ಒಡೆಯರಾದ ಸ್ಟುಡಿಯೋದವರನ್ನೇ ಹಂಗಿಸಿ ನಕ್ಕ ಪರಂಪರೆಯ ಪಾತ್ರಗಳು ಇವು; ೧೯೪೦ರ ‘ಯೂ ಆಟ್ ಟು ಬಿ ಇನ್ ಪಿಕ್ಚರ್ಸ್’ ಎಂಬುದರಲ್ಲಿ ನಿರ್ಮಾಪಕ ಲಿಯಾನ್ ಷ್ಲೆಸಿಂಗರನೇ ತೆರೆಯ ಮೇಲೆ ಬಂದು ತನ್ನ ಹಂದಿಯೊಡನೆ ಸಂಬಳದ ಕರಾರನ್ನು ಕುರಿತು ಮಾತಾಡುವನು. ‘ಸ್ಪೇಸ್ ಜ್ಯಾಮ್’ನಲ್ಲಿಯೂ ಮೊಲ ಬಾತುಕೋಳಿಗಳು, ತಮ್ಮ ಚಿತ್ರವಿರುವ ಬಟ್ಟೆ ಬಟ್ಟಲುಗಳ ಮಾರಾಟದಲ್ಲಿ ತಮಗೆ ಕಾಸೂ ಸಿಕ್ಕಲಿಲ್ಲವೆಂದು ಗೊಣಗುವುವು. ಒಳ್ಳೆಯ ಮಾತು, ಹಳೆಯ ಕೆಚ್ಚಿನ ಮಾತು. ಆದರೆ ಜೋರ್ಡನನ ಮೇಲೆ ಅಂಥ ಒಂದು ಬಾಣವನ್ನೂ ಅವು ನಾಟುವಂತೆ ಬಿಡುವುದಿಲ್ಲ.

ಲೋಲಾ ಎಂಬ ಹೊಸ ಹೆಣ್ಣುಮೊಲದ ವಿಚಾರವಾಗಿ ಹೆಚ್ಚು ಹೇಳಬೇಕಾದ್ದಿಲ್ಲ. ಆಟದಲ್ಲಿ ಅವಳು ನಿಪುಣೆ, ರೂಪದಲ್ಲಿ ಸುಂದರಿ. ಬೀಳುವುದಿಲ್ಲ, ಬೆಪ್ಪಾಗುವುದಿಲ್ಲ, ಆದಕಾರಣ ನಗಿಸುವುದೂ ಇಲ್ಲ.

೨೦೨೧ರಲ್ಲಿ ಲೆಬ್ರಾನ್ ಜೇಮ್ಸ್ ಎಂಬ ಆಟಗಾರನನ್ನು ನಾಯಕನಾಗಿಟ್ಟುಕೊಂಡು ಇದರ ಉತ್ತರಭಾಗವೂ ಬಂದಿತು. ನಿರ್ದೇಶಕ ಮಾಲ್ಕಮ್ ಡಿ. ಲೀ. ಅದರ ಕೊನೆಯಲ್ಲಿ ಗೆಲುವಿಗಾಗಿ ಒಬ್ಬನು ಅಳಿಯಬೇಕಾಗಿ ಬಂದಾಗ ಮೊಲವು ನಾಯಕನ ಬದಲು ತಾನೇ ಮುಂದೆ ಬರುವುದು. ಸುತ್ತಲಿದ್ದವರು ಕಣ್ಣೀರಿಡುವರು. ಆಮೇಲೆ ಅದು ಮರಳಿ ಬರುವುದೆನ್ನಿ. ೧೯೯೬ರಲ್ಲಿ ಅದಕ್ಕೆ ಕಲಿಸಿದ್ದು ಹೆದರಿಕೆಯನ್ನು. ಇಪ್ಪತ್ತೈದು ವರ್ಷಗಳಲ್ಲಿ ಸಾಯುವುದನ್ನೂ ಕಲಿಸಿದರು.